ಏನೂ ಆಗಂಗಿಲ್ಲ ಅಂದ ಆ ಬಿಳಿ ಗೀಟು

ಫ್ರಿಜ್ ಸರಿಸಿದಾಗೆಲ್ಲಾ ಆ ಗೀಟು ಕಣ್ಣಿಗೆ ಬೀಳ್ತದ. ವರ್ಷದ ಮ್ಯಾಲ ಆಯ್ತು, ಸಾಬೂನ ಹಚ್ಚಿ ತಿಕ್ಕೀನಿ, ಬ್ರಷ್ ತಗೊಂಡು ತಿಕ್ಕೀನಿ, ಆದ್ರ ನಮ್ಮದು ಹಳೀ ಮನಿ, ನೆಲಕ್ಕ ಶಹಾಬಾದ್ ಫರಸಿ, ಆ ಕಲ್ಲಿನ ಒರಟು ಮೈಯಾಗ ಕೂತ ಬಿಳಿ ಬಣ್ಣ ಪೂರ್ತಿ ಹೋಗವಲ್ದು. ಇರುವಿ ಬರಬಾರ್ದು ಅಂತ ನಾನೇ ಎಳೆದ ಇರುವಿ ಔಷಧದ ಚಾಕ್ ಗೀಟದು. ಆ ಚಾಕ್ ತಗೊಳ್ಳೋ ಮುಂದ ಅಂಗಡಿಯವಗ ಕೇಳಿದ್ದೆ, "ಮನ್ಯಾಗ ಬೆಕ್ಕು ಅದ, ನಡೀತದೇನು?" ಅಂತ. "ಏನೂ ಆಗಂಗಿಲ್ಲ ಅಕ್ಕಾ, ಎಲ್ಲಾರೂ ಇದನ್ನೇ ಒಯ್ತಾರ" ಅಂದ. ಅಂವ ಬೇಕಂತ ಸುಳ್ಳು ಹೇಳ್ಲಿಲ್ಲ, ಅಂವಗ ಯಾರೂ ಹೇಳಿರ್ಲಿಲ್ಲ ಅಷ್ಟೇ, ನನಗೂ ಆ ಮಾತೇ ಕೇಳಬೇಕಾಗಿತ್ತು ಅಂತ ಈಗ ಅನಸ್ತದ. ಡಬ್ಬಿ ಹಿಂದ ಸಣ್ಣ ಅಕ್ಷರದಾಗ ಏನ ಬರದದ ಅಂತ ತಿರುವಿ ನೋಡ್ಲಿಲ್ಲ. ಆ "ಏನೂ ಆಗಂಗಿಲ್ಲ" ಇವತ್ತಿಗೂ ತಲ್ಯಾಗ ತಿರಗ್ತದ, ಯಾಕಂದ್ರ ಅದನ್ನ ನಂಬಿ ನಾವು ನಮ್ಮ ಬೂದಿನ್ನ ಕಳ್ಕೊಳ್ಳೋದೇ ಉಳಿದಿತ್ತು.

ಬೂದಿ ನಮ್ಮ ಬೆಕ್ಕು. ಒಲಿ ಬೂದಿ ಬಣ್ಣದ್ದು ಅಂತ ನಮ್ಮವ್ವ ಇಟ್ಟ ಹೆಸರು. ಲಾಕ್‌ಡೌನ್ ಟೈಮಿಗೆ ಹಿತ್ತಲದ ನೀರಿನ ತೊಟ್ಟಿ ಹತ್ರ ಮುಷ್ಟಿಯಷ್ಟು ಮರಿ ಆಗಿ ಬಂದಿದ್ದು, ಅವ್ವ ಬ್ಯಾಡ ಬ್ಯಾಡ ಅನಕೋತನ ಹಾಲಿನ್ಯಾಗ ರೊಟ್ಟಿ ನೆನಸಿ ಹಾಕಿದ್ಲು, ಅವತ್ತಿಂದ ಒಳಗೇ ಇರ್ತದ. ಸಾಕಿದ ಬೆಕ್ಕು ಅಂದ್ರ ತಾಟಿನ್ಯಾಗ ಹಾಕಿದ್ದನ್ನ ಒಂದೇ ಸಲ ತಿಂದು ಎದ್ದು ಹೋಗೋದಲ್ಲ, ನಾಕು ತುತ್ತು ತಿಂತದ, ಹೋಗ್ತದ, ಒಂದ್ ತಾಸು ಬಿಟ್ಟು ಮತ್ತ ಬರ್ತದ. ಆ ಒಂದ್ ತಾಸಿನ್ಯಾಗ ಇರುವಿ ಬಂದು ಸಾಲು ಹಿಡೀತಾವ. ಇರುವಿ ಮುತ್ತಿದ ತಾಟಿಗೆ ಬೂದಿ ಬಾಯಿ ಹಾಕಂಗಿಲ್ಲ, ಮೂಗಿಗೆ ಕಡಸ್ಕೊಂಡು ಹಿಂದ ಸರೀತದ, ಹಸಕೊಂಡು ನಮ್ಮ ಮುಖ ನೋಡಕೋತ ಕೂಡ್ತದ. ಅದನ್ನ ನೋಡ್ಲಿಕ್ಕ ಆಗದನೇ ನಾನು ಚಾಕ್ ತಂದಿದ್ದೆ.

ಆ ಮೇ ತಿಂಗಳ ರಾತ್ರಿ

ಕಲಬುರಗಿ ಬ್ಯಾಸಗಿ ಹೆಂಗಿರ್ತದ ಅಂತ ಇಲ್ಲಿಯವರಿಗೆ ಹೇಳ್ಬೇಕಾಗಿಲ್ಲ. 43, 44 ಡಿಗ್ರಿ ಅಂದ್ರ ಹೊರಗ ಎರಿ ಭೂಮಿ ಬಾಯಿ ಬಿಟ್ಟಿರ್ತದ, ಇರುವಿಗೂ ನೀರು ಬೇಕು, ಅವು ತಣ್ಣಗಿರೋ ಕಡೆ ಬರ್ತಾವ, ನೀರಿನ ಕೊಡದ ಬುಡಕ್ಕ, ಫ್ರಿಜ್ ಕೆಳಗ, ಬಚ್ಚಲ ಸಂದಿಗೆ. ಬೆಕ್ಕು ಹುಡುಕೋದೂ ಅದೇ ಜಾಗ. ಬೂದಿ ಮಧ್ಯಾಹ್ನ ಪೂರ್ತಿ ಕೊಡದ ಬಾಜೂಕ ಫರಸಿ ಮ್ಯಾಲ ಹೊಟ್ಟಿ ಹಚ್ಚಿ ನಾಕೂ ಕಾಲು ಚಾಚಿ ಮಲಗಿರ್ತದ. ನಾನು ಗೀಟು ಎಳದದ್ದು ಅಲ್ಲೇ. ಒಂದಲ್ಲ, ಮೂರು. ತಾಟಿನ ಸುತ್ತ ಒಂದು, ಫ್ರಿಜ್ ಮುಂದ ಒಂದು, ಗ್ವಾಡಿ ಅಂಚಿಗೆ ಉದ್ದಕ್ಕ ಒಂದು, ಜಾಸ್ತಿ ಹಾಕಿದ್ರ ಜಾಸ್ತಿ ಕೆಲಸ ಮಾಡ್ತದ ಅಂತ ದಪ್ಪಗೇ ಎಳದೆ. ತಾಸಿನ್ಯಾಗ ಇರುವಿ ಸಾಲು ಖಾಲಿ, ಸತ್ತವನ್ನ ಕಸಬರಗಿಲೆ ಬಳದು ಹಾಕ್ದೆ, ಮನಸ್ಸಿಗೆ ಹಗೂರ ಆಯ್ತು.

ರಾತ್ರಿ ಹತ್ತೂವರಿ ಇರಬೇಕು, ಮಗಳು ಕರದ್ಲು, "ಮಮ್ಮಿ, ಬೂದಿ ಕಿವಿ ಹೆಂಗ್ ಮಾಡ್ತದ ನೋಡ್ ಬಾ". ಹೋಗಿ ನೋಡಿದ್ರ ಕಿವಿ ಚಟ್ ಚಟ್ ಅಂತ ಜಗ್ಗಲಿಕ್ಹತ್ತಿತ್ತು, ನೊಣ ಕುಂತ್ರ ಝಾಡಿಸ್ತದಲ್ಲ ಹಂಗ, ಆದ್ರ ನೊಣ ಇಲ್ಲ. ಮುಂದಿನ ಕಾಲು ನೀರಾಗ ಇಟ್ಟಂಗ ಒಂದೊಂದೇ ಝಾಡಿಸ್ತಿತ್ತು. ಗದ್ದಕ್ಕ ಜೊಲ್ಲು, ಎದಿ ಕೂದಲೆಲ್ಲಾ ಒದ್ದಿ. ಎತ್ತಿಕೊಂಡ್ರ ಚರ್ಮದ ಕೆಳಗ ಮೈ ಪೂರ್ತಿ ಸಣ್ಣಗ ನಡಗ್ತಿತ್ತು, ಬಾಗಲ ಸಪ್ಪಳಾದ್ರ ಬೆಚ್ಚಿ ಬೀಳ್ತಿತ್ತು. ಅವ್ವ ಎದ್ದು ಬಂದು "ಹಾಲು ಕುಡಸು, ಇಲ್ಲಂದ್ರ ಒಂದ್ ಚಮಚ ತುಪ್ಪ ಹಾಕು, ವಿಷ ಇಳೀತದ" ಅಂದ್ಲು, ಮಗಳು ಅಳ್ಲಿಕ್ಹತ್ತಿದ್ಲು, ನನಗ ಕೈ ಕಾಲೇ ಆಡ್ಲಿಲ್ಲ. ಆಮ್ಯಾಲ ನೆನಪಾಯ್ತು, ನಮ್ಮಣ್ಣನ ಮಗ ಬೀದರ್ ವೆಟರ್ನರಿ ಕಾಲೇಜಿನ್ಯಾಗ ಓದ್ತಾನ, ಅಂವಗ ಫೋನ್ ಹಚ್ಚಿದೆ.

"ಅತ್ತಿ, ಹಾಲು ತುಪ್ಪ ಏನೂ ಕುಡಸಬ್ಯಾಡ್ರಿ, ಜಿಡ್ಡು ಹೋದ್ರ ಔಷಧ ಇನ್ನಾ ಜಲ್ದಿ ಮೈಗೆ ಏರ್ತದ. ವಾಂತಿನೂ ಮಾಡಸ್ಲಿಕ್ಕ ಹೋಗಬ್ಯಾಡ್ರಿ, ಪುಪ್ಪುಸಕ್ಕ ಹೋಗ್ಬಿಡ್ತದ. ಝಟ್ಕಾ, ಅಂದ್ರ ಫಿಟ್ಸ್, ಬರ್ಲಿಕ್ಹತ್ತದೇನು? ಬರ್ತಿದ್ರ ಎಲ್ಲಾ ಬಿಟ್ಟು ಮೊದಲ ಡಾಕ್ಟರ್ ಕಡಿ ಓಡ್ರಿ. ಬರೇ ನಡುಗು ಇದ್ರ ಪಾತ್ರಿ ತೊಳಿಯೋ ಲಿಕ್ವಿಡ್ ಹಚ್ಚಿ ಉಗುರುಬೆಚ್ಚಗಿನ ನೀರಿಲೆ ಹೊಟ್ಟಿ ಕಾಲು ಎಲ್ಲಾ ತೊಳೀರಿ. ತಣ್ಣೀರು ಬ್ಯಾಡ, ಬಿಸಿನೂ ಬ್ಯಾಡ. ಒರಸಿ ಟವಲ್‌ದಾಗ ಸುತ್ತಿ ಬೆಚ್ಚಗ ಒಯ್ರಿ. ಆ ಚಾಕ್ ಡಬ್ಬಿ ಜೋಡಿ ಒಯ್ಯೋದು ಮರೀಬ್ಯಾಡ್ರಿ."

ಇಷ್ಟು ಮಾತು ಒಂದೇ ಉಸುರಿಗೆ ಹೇಳ್ದ. ನಾನು ಮಗಳು ಬಚ್ಚಲದಾಗ ಕುಂತು ತೊಳದ್ವಿ. ಹೊಟ್ಟಿ ಕೂದಲದಾಗಿಂದ ನೀರು ಸುಣ್ಣದಂಗ ಬೆಳ್ಳಗ ಇಳೀತು. ಅದನ್ನ ನೋಡಿದಾಗ ತಿಳೀತು ನನಗ, ಅದು ಗೀಟು ದಾಟಿ ಹೋಗಿದ್ದಲ್ಲ, ಗೀಟಿನ ಮ್ಯಾಲ ಮಧ್ಯಾಹ್ನ ಪೂರ್ತಿ ಮಲಗಿತ್ತು, ಎದ್ದ ಮ್ಯಾಲ ಬೆಕ್ಕಿನ ಸ್ವಭಾವದಂಗ ಮೈಯೆಲ್ಲಾ ನೆಕ್ಕಿ ಸ್ವಚ್ಛ ಮಾಡ್ಕೊಂಡಿತ್ತು. ನಾವು ಹೋದಾಗ ಹನ್ನೊಂದೂವರಿ, ಡಾಕ್ಟರ್ ಮನಿ ಕೆಳಗೇ ಅವರ ಕ್ಲಿನಿಕ್, ಎಬ್ಬಿಸಿದ್ವಿ, ಒಂದ್ ಮಾತು ಬೇಜಾರಿಲ್ಲದ ಎದ್ದು ಬಂದ್ರು. ಡಬ್ಬಿ ನೋಡಿ ಎರಡು ಹೆಸರು ಓದಿದ್ರು, ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್. "ಇದಕ್ಕ ಉಲ್ಟಾ ಔಷಧ ಅಂತ ಇಲ್ರಿ, ನಡುಗು ತಡೀಲಿಕ್ಕ ಇಂಜೆಕ್ಷನ್ ಕೊಡ್ತೀನಿ, ಸಲೈನ್ ಹಚ್ತೀನಿ, ಮೈ ಬೆಚ್ಚಗ ಇಡೋಣ, ಅದರ ಮೈ ತಾನೇ ಹೊರಗ ಹಾಕೋ ತನಕ ಕಾಯ್ಬೇಕು" ಅಂದ್ರು. ಎರಡು ರಾತ್ರಿ ಕಾದ್ವಿ. ಮೂರನೇ ದಿನ ಮುಂಜಾನೆ ಅವ್ವ ಹಾಲಿನ್ಯಾಗ ನೆನಸಿದ ಜ್ವಾಳದ ರೊಟ್ಟಿ ಚೂರು ಬೆರಳ ಮ್ಯಾಲ ಹಿಡದ್ಲು, ಬೂದಿ ನೆಕ್ಕಿತು. ಅವ್ವ ಅಲ್ಲೇ ಕುಂತು ಸೆರಗಿಲೆ ಕಣ್ಣು ಒರಸಿಕೊಂಡ್ಲು.

ಬೆಕ್ಕಿನ ಲಿವರ್ ನಮ್ಮಂಗಿಲ್ಲ

ಆಮ್ಯಾಲ ಅಣ್ಣನ ಮಗ ರಜಾಕ್ಕ ಬಂದಾಗ ಕುಂಡ್ರಿಸಿಕೊಂಡು ಕೇಳ್ದೆ, ನಮಗ ಏನೂ ಆಗ್ಲಾರದ್ದು ಬೆಕ್ಕಿಗೆ ಯಾಕ ಹಂಗಾತು ಅಂತ. ಸೇವಂತಿ ಜಾತಿ ಒಂದು ಹೂವಿನ್ಯಾಗ ಹುಳ ಕೊಲ್ಲೋ ರಸ ಅದ, ಪೈರೆಥ್ರಮ್ ಅಂತಾರ, ಅದನ್ನ ನೋಡಿ ಕಾರ್ಖಾನ್ಯಾಗ ಮಾಡಿದ ಅಣ್ಣ ತಮ್ಮಂದಿರು ಈ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್ ಎಲ್ಲಾ. ಹುಳದ ನರಕ್ಕ ಹೊಡೀತಾವ. ಮನುಷಾ, ನಾಯಿ ಇವರ ಲಿವರ್ ಇದನ್ನ ಒಡದು ಹೊರಗ ಹಾಕ್ತದ. ಬೆಕ್ಕಿನ ಲಿವರ್‌ದಾಗ ಅದಕ್ಕ ಬೇಕಾದ ಒಂದು ಕೆಲಸ ಭಾಳ ಕಮ್ಮಿ ಆಗ್ತದ, ಹಿಂಗಾಗಿ ಅದು ಮೈಯಾಗೇ ಉಳಕೊಂಡು ನರ ಕುಣಸ್ತದ. ಎಲ್ಲಾಕಿಂತ ಕೆಟ್ಟದ್ದು ಪರ್ಮೆಥ್ರಿನ್ ಅಂತ. ನಾಯಿಗೆ ಉಣ್ಣಿ ಬರಬಾರ್ದು ಅಂತ ಬೆನ್ನಿಗೆ ಬಿಡೋ ಹನಿ ಔಷಧದಾಗ ಅದು ಇರ್ತದ, ಅದನ್ನೇ ಬೆಕ್ಕಿಗೂ ಬಿಟ್ಟು ಆ ಬೆಕ್ಕನ್ನೇ ಕಳಕೊಂಡವರು ಅದಾರ ಅಂದ. ನಾಯಿ ಬೆಕ್ಕು ಎರಡೂ ಇರೋ ಮನಿಯವರು ಇದೊಂದನ್ನ ನೆನಪಿಡ್ರಿ, ಕೈ ಮುಗೀತೀನಿ.

ನನಗ ಇನ್ನೂ ಒಂದು ತಪ್ಪು ತಿಳುವಳಿಕೆ ಇತ್ತು, ಕೆಮಿಕಲ್ ಬ್ಯಾಡ ಅಂದ್ರ ಮನಿ ಔಷಧ ಮಾಡೋಣ, ಅದರಲೆ ಏನೂ ತ್ರಾಸಿಲ್ಲ ಅಂತ. ಕರ್ಪೂರ ಪುಡಿ ಮಾಡಿ ಹಾಕ್ರಿ, ಲವಂಗದ ಎಣ್ಣಿ ಹಚ್ರಿ, ಡಾಂಬರ್ ಗುಳಗಿ ಇಡ್ರಿ, ಫಿನಾಯಿಲ್ ಹಾಕಿ ಒರಸ್ರಿ ಅಂತ ಓಣಿ ಮಂದಿ ಎಲ್ಲಾರೂ ಹೇಳಿದ್ರು. ಅಂವ ಒಂದೊಂದಕ್ಕೂ ತಲಿ ಅಲ್ಲಾಡಿಸ್ದ. ಕರ್ಪೂರ ನಾಯಿಗೂ ವಿಷ ಬೆಕ್ಕಿಗೂ ವಿಷ, ಡಾಂಬರ್ ಗುಳಗಿ ಬೆಕ್ಕಿನ ರಕ್ತ ಕೆಡಸ್ತದ, ಲವಂಗ, ಪುದೀನಾ, ನೀಲಗಿರಿ ಇವುಗಳ ಗಟ್ಟಿ ಎಣ್ಣಿ ಬೆಕ್ಕಿನ ಲಿವರ್‌ಗೆ ತಡಕೊಳ್ಳೋದಾಗಂಗಿಲ್ಲ, ಫಿನಾಯಿಲ್‌ದೂ ಅದೇ ಹಣೆಬರಹ. ಕಾಫಿ ಪುಡಿ ಉದುರಸ್ತಾರಲ್ಲ, ಅದನ್ನ ನಾಯಿ ತಿಂದ್ರ ಎದಿ ಬಡಿತ ಏರಿ ಒದ್ದಾಡ್ತದ. ಗಿಡದ್ದು ಅಂದ ಕೂಡ್ಲೆ ಒಳ್ಳೇದು ಅಂತ ನಾವು ತಿಳ್ಕೋತೀವಿ, ನಾನೂ ತಿಳ್ಕೊಂಡಿದ್ದೆ. ನಾವು ನೆಲದ ಮ್ಯಾಲ ನಡೀತೀವಿ ಅಷ್ಟೇ, ಬೂದಿ ನೆಲಾನೇ ಉಣ್ತದ, ಅದರ ಕಾಲಿಗೆ ಹತ್ತಿದ್ದೆಲ್ಲಾ ಅದರ ಹೊಟ್ಟಿಗೆ. ನೆಲಕ್ಕ ಏನ ಹಾಕ್ತೀನೋ ಅದನ್ನ ಅದರ ತಾಟಿಗೇ ಹಾಕ್ದಂಗ ಅನ್ನೋದು ಹೊಳಿಯೋತನ ನನಗ ಇಷ್ಟು ದಿನ ಬೇಕಾಯ್ತು.

ಅಜ್ಜಿಯ ನೆಲವು

ಅದು ಹೊಳದ ದಿನಾನೇ ನಮ್ಮಜ್ಜಿ ನೆನಪಾದ್ಲು. ಚಿತ್ತಾಪುರ ತಾಲೂಕಿನ್ಯಾಗ ನಮ್ಮ ಊರು, ಮಣ್ಣಿನ ಮನಿ, ಸಗಣಿ ಸಾರಿಸಿದ ನೆಲ. ಅಡಗಿ ಮನ್ಯಾಗ ತೊಲಿಗೆ ನೆಲವು ಕಟ್ಟಿತ್ತು, ಅದರಾಗ ಬೆಣ್ಣಿ ಗಡಿಗಿ, ರೊಟ್ಟಿ ಬುಟ್ಟಿ. ತುಪ್ಪದ ಭರಣಿ ಮಾತ್ರ ನೀರು ಹಾಕಿದ ಗಂಗಾಳದಾಗ ನಿಂತಿರ್ತಿತ್ತು, ದಿನಾ ಮುಂಜಾನೆ ಆ ನೀರು ಚೆಲ್ಲಿ ಹೊಸಾ ನೀರು ಹಾಕೋ ಕೆಲಸ ನಂದು. ಯಾಕಜ್ಜಿ, ನಿನ್ನೀ ನೀರೇ ಅದಲ್ಲ ಅಂದ್ರ, "ನೀರಿನ ಮ್ಯಾಲ ಧೂಳು ಕೂತ್ರ ಇರುವಿಗೆ ಅದೇ ಸೇತುವಿ ಆಗ್ತದವಾ" ಅಂತಿದ್ಲು. ಹಿತ್ತಲದಾಗ ಬೇವಿನ ಮರದ ಬುಡಕ್ಕ ಗೊದ್ದದ, ಅಂದ್ರ ದೊಡ್ಡ ಕರಿ ಇರುವಿಯ, ಗೂಡಿತ್ತು, ಅಮಾಸಿಗೆ ಅಲ್ಲಿ ಒಂದ್ ಚಿಟಿಕಿ ಸಕ್ಕರಿ, ಒಂದ್ ಚಿಟಿಕಿ ಜ್ವಾಳದ ಹಿಟ್ಟು ಹಾಕಿ ಬರ್ತಿದ್ಲು. ಅವು ಅಲ್ಲಿ ಉಂಡ್ರ ಒಳಗ ಬರಂಗಿಲ್ಲ ಅನ್ನೋದು ಆಕಿ ಲೆಕ್ಕ.

ಒಂದ್ ಸಲ ಕಾಕಾ ಹೊಲದಿಂದ ತೊಗರಿಗೆ ಉಗ್ಗೋ ಪುಡಿ ಒಂದು ಪೊಟ್ಣ ಉಳಿಸಿ ತಂದ. ಹುಳ ಸಾಯಿಸ್ತದಲ್ಲ, ಇರುವಿನೂ ಸಾಯಿಸ್ತದ ಅಂತ ಅಡಗಿ ಮನಿ ಗ್ವಾಡಿ ಅಂಚಿಗೆ ಹಾಕ್ಲಿಕ್ಕ ಹೊಂಟಿದ್ದ. ಅಜ್ಜಿ ಅಂಗಳದಾಗ ಜ್ವಾಳ ಹಸನ ಮಾಡ್ತಿದ್ಲು, ನೋಡಿದ ಕೂಡ್ಲೆ ಮೊರಾ ಅಲ್ಲೇ ಚೆಲ್ಲಿ ಎದ್ದು ಬಂದ್ಲು, ಅಷ್ಟ್ ಜೋರಾಗಿ ಆಕಿ ಒದರಿದ್ದು ನಾನು ಅದೊಂದೇ ಸಲ ಕೇಳಿದ್ದು. "ಕೋಳಿ ನೆಲಾ ಕೆದರಿ ತಿಂತಾವ, ಕೂಸು ನೆಲದ ಮ್ಯಾಲ ಅಂಬೆಗಾಲು ಇಡ್ತದ, ಅಲ್ಲಿ ಹಾಕ್ತಿಯೇನೋ ಅದನ್ನ?" ಆ ಕೂಸು ಅಂದ್ರ ನನ್ನ ತಮ್ಮ. ಕಾಕಾ ಮಾತಿಲ್ಲದ ಪೊಟ್ಣ ಹೊರಗ ಒಯ್ದ. ಆಗ ಬಿಎಚ್‌ಸಿ ಪುಡಿ ಅಂತ ಬರ್ತಿತ್ತು, ಹೊಲಕ್ಕೂ ಅದೇ ಮನಿಗೂ ಅದೇ ಅಂತ ಭಾಳ ಮಂದಿ ಹಾಕ್ತಿದ್ರು, 1997ರಾಗ ಸರ್ಕಾರ ಅದನ್ನ ಬಂದ್ ಮಾಡ್ತು. ಪುಡಿ ಬದಲಾಗ್ಯದ, ರೂಢಿ ಇನ್ನೂ ಹಂಗೇ ಅದ, ಈಗೂ ನಮ್ಮ ಕಡಿ ತೊಗರಿಗೆ ಹೊಡದು ಉಳಿದ ಔಷಧ ಮನಿ ಇರುವಿಗೆ ಹಾಕೋರು ಅದಾರ. ದಯಮಾಡಿ ಅದನ್ನ ಮಾಡಬ್ಯಾಡ್ರಿ. ಹೊಲದಾಗ ಬಿಸಿಲು ಗಾಳಿ ಮಳಿ ಅದನ್ನ ಒಡೀತಾವ, ಮನಿ ಮೂಲ್ಯಾಗ ಅದು ತಿಂಗಳಗಟ್ಲೆ ಕೂಡ್ತದ.

ಈಗ ನಾವು ಮಾಡೋದು

ಮೊದಲು ಬದಲಾದದ್ದು ಬೂದಿ ತಾಟು. ಊಟ ಹಾಕಿದ ಮ್ಯಾಲ ಇಪ್ಪತ್ತು ನಿಮಿಷ, ತಿಂದ್ರ ತಿಂತು, ಉಳದಿದ್ದು ಎತ್ತಿ ಮುಚ್ಚಿ ಇಡ್ತೀವಿ. ಮೊದಲ ವಾರ ಅದು ಒದರಾಡ್ತು, ಆಮ್ಯಾಲ ಟೈಮಿಗೆ ಬಂದು ಕೂಡ್ಲಿಕ್ಹತ್ತಿತು. ತಾಟಿನ ಕೆಳಗ ಅಜ್ಜಿ ಗಂಗಾಳಾನೇ, ಅಗಲದ್ದು, ಅದರಾಗ ಎರಡು ಬೆರಳು ನೀರು, ನಡುಕ ಒಂದು ವಾಟಗ ಬೋರಲು ಹಾಕಿ ಅದರ ಮ್ಯಾಲ ತಾಟು. ತಾಟು ಗಂಗಾಳದ ಅಂಚಿಗೂ ತಾಗಬಾರ್ದು ಗ್ವಾಡಿಗೂ ತಾಗಬಾರ್ದು, ಒಂದು ಕಡೆ ತಾಗಿದ್ರೂ ಇರುವಿ ದಾರಿ ಹುಡುಕ್ತಾವ. ನೀರಿಗೆ ಸಾಬೂನ ಹನಿ ಹಾಕಿದ್ರ ಇರುವಿ ತೇಲೋದಿಲ್ಲ ಅಂತ ಹೇಳ್ತಾರ, ಖರೇ, ಆದ್ರ ಬೂದಿ ಆ ನೀರನ್ನೇ ಕುಡೀತದ, ಅದಕ್ಕ ಬರೇ ನೀರು, ದಿನಾ ಹೊಸಾದು. ಇಷ್ಟಕ್ಕೇ ನಮ್ಮ ಮನಿ ಇರುವಿ ಅರ್ಧಕ್ಕರ್ಧ ಕಮ್ಮಿ ಆದ್ವು.

ಇನ್ನ ಸಾಲು ಕಂಡ ಕೂಡ್ಲೆ ಒರಸೋದು ಬಿಟ್ಟೀನಿ. ಮೊದಲು ಅದರ ಹಿಂದ ಹೋಗ್ತೀನಿ, ಎಲ್ಲಿಂದ ಬರ್ತಾವ ಅಂತ. ಹಳೀ ಫರಸಿ ಮನಿ ಇದ್ದವರಿಗೆ ಗೊತ್ತಿರ್ತದ, ಕಲ್ಲು ಕಲ್ಲಿನ ನಡುವಿನ ಸಂದಿ ಸಿಮೆಂಟ್ ಉದುರಿ ಕೆಳಗಿನ ಮಣ್ಣಿನ ತನಕ ಬಾಯಿ ತೆರದಿರ್ತದ, ನಮ್ಮ ನೆಲದ ಕೆಳಗೇ ಅವುಗಳ ಊರು. ಒಂದು ಇರುವಿ ಊಟ ಕಂಡ್ರ ಹಿಂದ ಹೋಗೋವಾಗ ಹೊಟ್ಟಿಯಿಂದ ನೆಲಕ್ಕ ವಾಸನಿ ಹಚಕೋತ ಹೋಗ್ತದ, ಮಿಕ್ಕಿದ್ದು ಅದನ್ನ ಹಿಡದು ಬರ್ತಾವ. ಆ ವಾಸನಿ ಸಾಬೂನ ನೀರಿಲೆ ಒರಸಿದ್ರ ಹೋಗ್ತದ, ಆಮ್ಯಾಲ ಸಾದಾ ನೀರಿಲೆ ಇನ್ನೊಂದು ಸಲ. ಒಂದೆರಡು ದಿನದ ಸಾಲಿಗೆ ಇಷ್ಟು ಸಾಕು, ಬ್ಯಾರೆ ಔಷಧ ಬ್ಯಾಡ. ಹಿತ್ತಲದ ಗೊದ್ದ ಒಂದೋ ಎರಡೋ ದಾರಿ ತಪ್ಪಿ ಬಂದ್ರ ಪೇಪರ್ ಮ್ಯಾಲ ಹತ್ತಿಸಿಕೊಂಡು ಹೊರಗ ಬಿಡ್ತೀವಿ.

ತಡೀಲಾರದಷ್ಟು ಆದಾಗ ಮಾತ್ರ ಬೋರಿಕ್ ಪೌಡರ್. ಕೇರಂ ಬೋರ್ಡಿಗೆ ಹಾಕ್ತೀವಲ್ಲ, ಅದೇ. ಸರಾಫ್ ಬಜಾರದಾಗ ಬಂಗಾರ ಬೆಸೀಲಿಕ್ಕ ಬಳಸೋ ಬಿಳಿಗಾರ ಇದರದೇ ಕುಲದ್ದು. ನೆಲಕ್ಕ ಉದುರಸೋದಲ್ಲ, ಅದು ಮತ್ತ ಚಾಕ್ ಕಥಿನೇ ಆಗ್ತದ. 200 ಎಂಎಲ್ ನೀರಿಗೆ 20 ಗ್ರಾಂ ಸಕ್ಕರಿ, 2 ಗ್ರಾಂ ಪೌಡರ್, ಅಂದ್ರ ನೂರಕ್ಕ ಒಂದು ಪಾಲು. ಕಮ್ಮಿ ಆತಲ್ಲ ಅನಸ್ತದ, ನನಗೂ ಅನಿಸಿತ್ತು. ಆದ್ರ ಇದರ ಗುಟ್ಟೇ ಅದು, ಜಾಸ್ತಿ ಹಾಕಿದ್ರ ಕುಡದ ಇರುವಿ ದಾರ್ಯಾಗೇ ಸಾಯ್ತದ, ಕಮ್ಮಿ ಇದ್ರ ಅದು ಹೊಟ್ಯಾಗ ತುಂಬಿಕೊಂಡು ಗೂಡಿಗೆ ಒಯ್ದು ಬಾಯಿಂದ ಬಾಯಿಗೆ ಹಂಚತದ, ಮರಿಗೆ, ರಾಣಿಗೆ. ನಮ್ಮ ಕಣ್ಣಿಗೆ ಬೀಳೋದು ಗೂಡಿನ ಕೂಲಿ ಮಂದಿ ಅಷ್ಟೇ, ಗೀಟು ಎಳದು ಅವರನ್ನ ಕೊಂದ್ರ ರಾಣಿ ನಾಳಿ ಮತ್ತಷ್ಟು ಮಂದಿನ್ನ ಕಳಸ್ತದ. ಕೆಲವು ಜಾತಿಯಾಗ ಒಂದೇ ಗೂಡಿಗೆ ಹತ್ತಾರು ರಾಣಿ, ಫೇರೋ ಇರುವಿ ಅಂತ ಹಳದಿ ಬಣ್ಣದ ಸಣ್ಣದೊಂದದ, ಅದಕ್ಕ ಸ್ಪ್ರೇ ಹೊಡದ್ರ ಒಂದು ಗೂಡು ಒಡದು ನಾಕಾಗ್ತದ.

ಈ ನೀರಿನ್ಯಾಗ ಹತ್ತಿ ಉಂಡಿ ಅದ್ದಿ ಹೋಮಿಯೋಪತಿ ಗುಳಗಿ ಬರ್ತಾವಲ್ಲ ಆ ಸಣ್ಣ ಪ್ಲಾಸ್ಟಿಕ್ ಡಬ್ಬ್ಯಾಗ ಹಾಕಿ, ಮುಚ್ಚಳಕ್ಕ ಕಾದ ಸೂಜಿಲೆ ತೂತು ಮಾಡಿ ಗಟ್ಟಿ ಮುಚ್ಚಿ, ಟೇಪ್ ಸುತ್ತಿ, ಸಿಲಿಂಡರ್ ಹಿಂದ ಅಂಟಸ್ತೀನಿ. ಇರುವಿ ಹೋಗ್ತದ, ಬೂದಿ ನಾಲಿಗಿ ಹೋಗಂಗಿಲ್ಲ. ಇದು ಅಮೃತ ಅಲ್ಲ, ನಾಯಿ ಆಗಲಿ ಕೂಸಾಗಲಿ ಡಬ್ಬಿ ಕಡದು ನುಂಗಿದ್ರ ವಾಂತಿ ಆಗ್ತದ, ಬೋರಿಕ್ ಪೊಟ್ಣ ಬಾಯಿಗೆ ಹಾಕ್ಕೊಂಡ್ರ ಇನ್ನೂ ದೊಡ್ಡ ತ್ರಾಸು. ಅದಕ್ಕ ಉಳಿದ ಪೌಡರ್ ಮ್ಯಾಲೆ ಹೆಸರು ಬರದು ಕಪಾಟಿಗೆ ಕೀಲಿ ಹಾಕೀನಿ, ನೋಡ್ಲಿಕ್ಕ ಅದು ಉಪ್ಪಿನಂಗೇ ಇರ್ತದ. ಡಬ್ಬಿ ಇಟ್ಟ ಮ್ಯಾಲ ಎರಡು ಮೂರು ದಿನ ಇರುವಿ ಜಾಸ್ತಿನೇ ಆಗ್ತಾವ, ಆವಾಗ ಸಾಲು ಒರಸಬಾರ್ದು, ಬರ್ಲಿಕ್ಕ ಬಿಡಬೇಕು. ಅವ್ವಗ ಅದನ್ನ ನೋಡಕೋತ ಸುಮ್ಮ ಕೂಡೋದು ಭಾಳ ಕಷ್ಟ ಆಯ್ತು, ಮೊದಲ ಸಲ ಆಕಿ ನಾನಿಲ್ಲದಾಗ ಒರಸೇ ಬಿಟ್ಟಿದ್ಲು, ಮತ್ತ ಮೊದಲಿಂದ ಶುರು ಮಾಡ್ಬೇಕಾಯ್ತು.

ಈ ವರ್ಷ ಮಿರಗದ ಮಳಿ ಬಿದ್ದ ಮರುದಿನಾನೇ ಅಡಗಿ ಮನಿ ಹೊಸ್ತಿಲ ಹತ್ರ ಸಂದಿಯಿಂದ ಎದ್ದು ಬಂದ್ವು, ಮಣ್ಣಿನ ಸಣ್ಣ ಗುಪ್ಪಿ ಸಮೇತ. ಮಗಳು ಅವ್ವ ಇಬ್ರೂ ಕೂಡಿ ಡಬ್ಬಿ ತಯಾರ್ ಮಾಡಿದ್ರು. ಇವತ್ತಿಗೆ 9 ದಿನ. ಮುಂಜಾನೆ ಬ್ಯಾಟರಿ ಹಾಕಿ ನೋಡಿದ್ರ ಡಬ್ಬಿ ಕಡೆ ನಾಕೇ ನಾಕು ಇರುವಿ, ಅವೂ ನಿಧಾನ. ಇನ್ನೊಂದು ಮೂರು ದಿನ ನೋಡಿ ಆ ಸಂದಿಗೆ ಬಿಳೀ ಸಿಮೆಂಟ್ ತುಂಬೋದದ, ಮಗಳು ಕಲಸ್ಲಿಕ್ಕ ಒಡದ ವಾಟಗ ಒಂದು ತಗದಿಟ್ಟಾಳ. ಹಸಿ ಸಿಮೆಂಟ್ ಕಾಲಿಗೆ ಹತ್ತಿದ್ರ ಸುಡ್ತದ, ಅದು ಒಣಗೋ ತನಕ ಬೂದಿನ್ನ ಮ್ಯಾಲಿನ ಖೋಲ್ಯಾಗ ಇಡಬೇಕು, ರಾತ್ರಿ ಅದರ ಜೋಡಿ ಅಲ್ಲೇ ಮಲಗ್ತೀನಿ ಅಂತ ಅವ್ವ ಈಗೇ ಹಾಸಿಗಿ ಮ್ಯಾಲ ಒಯ್ದಾಳ.